ಒಪ್ಪಂದದ ಏಳನೆಯ ಕಲಮು

ಹದಿನಾಲ್ಕು ವರ್ಷ ಬೇರೆಯವರ ಮಾತನ್ನು ಒಂದಕ್ಷರ ಬಿಡದೆ ಟೈಪು ಮಾಡಿದ ಹೆಂಗಸಿಗೆ ತನ್ನ ಕಿವಿಯ ಮೇಲೆ ತನಗೇ ಅನುಮಾನ ಹುಟ್ಟಬೇಕಾದರೆ ಎಷ್ಟು ಕಾಲ ಬೇಕು? ಅವಳ ಗಂಡನಿಗೆ ನಾಲ್ಕು ವರ್ಷ ಹಿಡಿಯಿತು.

ಅವಳು ಕುಟುಂಬ ನ್ಯಾಯಾಲಯದ ಬೆರಳಚ್ಚುಗಾರ್ತಿ. ಸಾಕ್ಷಿಕಟ್ಟೆಯ ಪಕ್ಕದಲ್ಲೇ ಅವಳ ಮೇಜು. ಸಾಕ್ಷಿ ಅತ್ತರೆ ‘ಸಾಕ್ಷಿ ಅತ್ತರು’ ಎಂದು, ಸುಮ್ಮನಾದರೆ ‘ಸಾಕ್ಷಿ ಉತ್ತರಿಸಲಿಲ್ಲ’ ಎಂದು, ಆಡಿದ ಮಾತನ್ನು ಆಡಿದ ಹಾಗೇ ಇಳಿಸುವಳು. ಒಮ್ಮೆ ನ್ಯಾಯಾಧೀಶರೇ ಒಂದು ವಾಕ್ಯವನ್ನು ಸ್ವಲ್ಪ ನಯ ಮಾಡಿ ಹೇಳಿದಾಗ, “ಸಾಕ್ಷಿ ಹಾಗೆ ಹೇಳಲಿಲ್ಲ ಸ್ವಾಮಿ” ಎಂದು ತಡೆದವಳು. ಅಂದಿನಿಂದ ಕಚೇರಿಯವರು ಅವಳಿಗಿಟ್ಟ ಹೆಸರು ಪೂರ್ಣವಿರಾಮ. ಜವಾನನಿಂದ ಹಿಡಿದು ವಕೀಲರವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವಳಿಗೂ ಒಳಗೊಳಗೇ ಅದು ಹೆಮ್ಮೆಯೇ.

ಮನೆಯಲ್ಲಿ ಮಾತ್ರ ಈ ಹೆಮ್ಮೆ ನಡೆಯುತ್ತಿರಲಿಲ್ಲ. ಗಂಡ ಲಿಫ್ಟ್ ತಪಾಸಣೆಗಾರ. ಊರಿನ ದೊಡ್ಡ ಕಟ್ಟಡಗಳಿಗೆಲ್ಲ ಹೋಗಿ, ಹಗ್ಗ, ರಾಟೆ, ಬಾಗಿಲು ನೋಡಿ, ದಿನಾಂಕ ಹಾಕಿ ಸಹಿ ಮಾಡಿ ಬರುವುದು ಅವನ ಕೆಲಸ. ಏರಿದ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಂಥ ಮಾತು. “ನಿನಗೆ ನಿನ್ನೇನೇ ಹೇಳಿದ್ನಲ್ಲ,” ಎನ್ನುವನು, ಅವನು ಹೇಳಿರುತ್ತಿರಲಿಲ್ಲ. “ಬಾಗಿಲು ತೆಗೆದಿಟ್ಟು ಹೋಗಿದ್ದೆ ನೀನು ಇವತ್ತೂ,” ಎನ್ನುವನು. ಎರಡು ಸಲ ಎಳೆದು ನೋಡಿ ಹೋಗಿದ್ದು ಅವಳಿಗೆ ನೆನಪಿರುತ್ತಿತ್ತು. ಬೀಗದ ಕೈ ಕಾಣೆಯಾಗಿ ಅವಳು ಮನೆಯೆಲ್ಲ ತಡಕಾಡುವಾಗ ಜೊತೆಗೆ ತಾನೂ ಹುಡುಕಿ, ಕೊನೆಗೆ ಅವಳ ಕೋಟಿನ ಜೇಬಿನಿಂದಲೇ ತೆಗೆದುಕೊಟ್ಟು, “ಪರವಾಗಿಲ್ಲ ಬಿಡು, ಸುಸ್ತಾಗಿದ್ದೀಯ,” ಎಂದು ತಲೆ ಸವರುವನು. ಮೊದಲು ವಾದ ಮಾಡಿದಳು. ಆಮೇಲೆ ಕ್ಷಮೆ ಕೇಳಿದಳು. ಮೂರನೆಯ ವರ್ಷಕ್ಕೆ, ಅವನು ಬಾಯಿ ತೆರೆಯುವ ಮೊದಲೇ ಕ್ಷಮೆ ಕೇಳುವುದು ರೂಢಿಯಾಯಿತು.

ಒಂದು ಬೆಳಿಗ್ಗೆ ಸ್ನಾನಕ್ಕೆಂದು ಹೋದವಳು ಟವೆಲು ಮರೆತು ಹಿಂದಿರುಗಿದಾಗ, ಬಚ್ಚಲ ಬಾಗಿಲ ಸಂದಿಯಿಂದ ಅಡುಗೆಮನೆ ಕಂಡಿತು. ಗಂಡ ಅವಳ ಕಚೇರಿಯ ಬೀಗದ ಕೈ ಗೊಂಚಲನ್ನು ಹಿಟ್ಟಿನ ಡಬ್ಬದೊಳಗೆ ಇಳಿಸುತ್ತಿದ್ದ. ಸದ್ದಾಗದಂತೆ ಮುಚ್ಚಳ ಹಾಕಿದ. ಕೈಗೆ ಮೆತ್ತಿದ ಹಿಟ್ಟನ್ನು ಕರವಸ್ತ್ರದಲ್ಲಿ ಒರೆಸಿಕೊಂಡ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಗಡಿಯಾರ ನೋಡಿ, ಏನೋ ಬರೆದುಕೊಂಡ. ಲಿಫ್ಟ್ ಪರೀಕ್ಷಿಸುವವನ ಮುಖವೇ ಅದು. ಕೋಪವಿರಲಿಲ್ಲ, ಖುಷಿಯೂ ಇರಲಿಲ್ಲ.

ಮೂರನೆಯ ದಿನ, ಅವನು ಕೆಲಸಕ್ಕೆ ಹೋದ ಮೇಲೆ, ಹತ್ತು ವರ್ಷದ ಮಗಳನ್ನೂ ಎರಡು ಚೀಲವನ್ನೂ ತೆಗೆದುಕೊಂಡು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗೆ ಬಂದಳು. ಅದೇ ವಾರ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ಅವಳು ಅಲ್ಲಿನ ನೌಕರಳಾದ್ದರಿಂದ ಪ್ರಕರಣವನ್ನು ಬೇರೆ ಮಹಡಿಯ ನ್ಯಾಯಾಧೀಶರಿಗೆ ಒಪ್ಪಿಸಿದರು.

ಅವಳ ಪರವಾಗಿ ನಿಂತ ವಕೀಲೆ ಅರವತ್ತು ದಾಟಿದವಳು, ಗಟ್ಟಿ ಕಾಳಿನಂಥ ಹೆಂಗಸು. ಕರಿಕೋಟಿನ ಕೆಳಗೆ ಸದಾ ಕ್ಯಾನ್ವಾಸ್ ಬೂಟು. ಮೆಟ್ಟಿಲು ಹತ್ತುವವರಿಗೆ ಅಂದ ಯಾಕೆ ಎನ್ನುವಳು. ಗಂಡನ ಉತ್ತರ ಬಂದ ದಿನ ಆಕೆ ಫೋನು ಮಾಡಿ ತನ್ನ ಕೋಣೆಗೆ ಬನ್ನಿ ಎಂದಷ್ಟೇ ಹೇಳಿದಳು. ಮೇಜಿನ ಮೇಲೆ ಇನ್ನೂರ ಹನ್ನೆರಡು ಪುಟದ ಕಟ್ಟು ಇತ್ತು.

“ಕೂತ್ಕೊಂಡು ಓದಿ,” ಎಂದಳು. “ನಿಂತು ಓದೋ ಅಂಥದ್ದಲ್ಲ.”

ನಾಲ್ಕು ವರ್ಷದ ಅವಳ ‘ಮರೆವು’ ಅಲ್ಲಿತ್ತು. ದಿನಾಂಕ, ಗಂಟೆ, ನಿಮಿಷ, ಫೋಟೋ. ತೆರೆದಿಟ್ಟ ಬಾಗಿಲು. ಹರಿಯಬಿಟ್ಟ ನಲ್ಲಿ. ಹಿಟ್ಟಿನಲ್ಲಿ ಹೂತ ಬೀಗದ ಕೈ. ಮೊದಲ ದಾಖಲೆಯ ದಿನಾಂಕವನ್ನು ಅವಳು ಮತ್ತೆ ಮತ್ತೆ ನೋಡಿದಳು. ಅವಳಿಗೆ ಹಿರಿಯ ಬೆರಳಚ್ಚುಗಾರ್ತಿಯಾಗಿ ಬಡ್ತಿ ಸಿಕ್ಕ ಮರುದಿನ ಅದು. ಆಗಿನ್ನೂ ಅವರ ನಡುವೆ ಒಂದು ಜಗಳವೂ ಆಗಿರಲಿಲ್ಲ. ಜಗಳಕ್ಕಿಂತ ಮೊದಲೇ ಸಾಕ್ಷ್ಯ ಹುಟ್ಟಿತ್ತು.

ಕೊನೆಯ ಪುಟದಲ್ಲಿ ಸಾಕ್ಷಿಗಳ ಪಟ್ಟಿ. ಪಕ್ಕದ ಮನೆಯವರು, ಮಗಳ ಶಾಲೆಯ ಶಿಕ್ಷಕಿ, ಕಚೇರಿಯ ಒಬ್ಬ ಗುಮಾಸ್ತ. ನಾಲ್ಕನೆಯ ಹೆಸರು ಅವಳ ಸ್ವಂತ ಅಕ್ಕನದು.

“ಅವರ ಕಡೆಯಿಂದ ರಾಜಿ ಮಾತೂ ಬಂದಿದೆ,” ವಕೀಲೆ ಹೇಳಿದಳು. “ಮಗಳನ್ನ ಅವರಿಗೆ ಬಿಟ್ಟುಕೊಟ್ರೆ ಈ ಕಟ್ಟು ಮುಚ್ಚಿದ ಲಕೋಟೆಲೇ ಇರುತ್ತೆ. ಇಲ್ಲಾಂದ್ರೆ ತೆರೆದ ಕೋರ್ಟಲ್ಲಿ ಪ್ರತಿ ಪುಟವನ್ನೂ ಓದಿಸ್ತಾರೆ. ನೆನಪು ನೆಟ್ಟಗಿಲ್ಲದ ಬೆರಳಚ್ಚುಗಾರ್ತೀನ ಯಾವ ಕೋರ್ಟು ಇಟ್ಕೊಳ್ಳುತ್ತೆ ಅಂತ ಅವರ ವಕೀಲ ನಗ್ತಾ ನಗ್ತಾನೇ ಕೇಳಿದ.”

“ವಿಚಾರಣೆನೇ ಆಗ್ಲಿ ಅಂದ್ರೆ?”

“ನಿಮಗೆ ನಾನು ಹೇಳಿಕೊಡ್ಬೇಕಾ? ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ. ನೀವೇ ಟೈಪು ಮಾಡಿದ್ದೀರ ಅದನ್ನೆಲ್ಲ.”

ಆ ಸಂಜೆ ಅವಳು ಅಕ್ಕನ ಹೊಲಿಗೆ ಅಂಗಡಿಗೆ ಹೋದಳು. ಅಕ್ಕ ಯಾರದೋ ಕೋಟಿನ ಒಳಗಿನ ಅಸ್ತರು ಬಿಚ್ಚುತ್ತಿದ್ದಳು. ತಂಗಿಯನ್ನು ಕಂಡು ಕತ್ತರಿ ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು.

“ನಿನ್ನ ಒಳ್ಳೇದಕ್ಕೇ ಕಣೇ,” ಎಂದಳು ಕೇಳುವ ಮುನ್ನವೇ. “ಪಾಪ, ಅವರು ವಾರಕ್ಕೊಂದು ಸಲ ಫೋನ್ ಮಾಡಿ ಅಳೋ ಹಾಗೆ ಕೇಳೋರು. ಇವಳು ಚಿಕ್ಕೋಳಿದ್ದಾಗ್ಲೂ ಹೀಗೇನಾ ಅಂತ. ನೀನು ಒಂದ್ಸಲ ನನ್ನ ಮಗೂನ ಶಾಲೆಯಿಂದ ಕರ್ಕೊಂಡು ಬರೋದು ಮರೆತಿದ್ದೆ, ನೆನಪಿದ್ಯಾ? ಅದನ್ನ ಹೇಳ್ದೆ. ಸುಳ್ಳೇನೂ ಹೇಳ್ಲಿಲ್ಲ.”

“ಅವತ್ತು ನನಗೆ ಜ್ವರ ಇತ್ತು ಅಕ್ಕ. ನೂರ ಮೂರು.”

“ಅದನ್ನ ಅವರು ಕೇಳ್ಲಿಲ್ಲ,” ಎಂದಳು ಅಕ್ಕ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದವಳಂತೆ ತಲೆ ತಗ್ಗಿಸಿ ದಾರ ಕೀಳತೊಡಗಿದಳು.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಕಟ್ಟನ್ನು ಮತ್ತೆ ತೆರೆದಳು, ಈ ಸಲ ಹೆಂಡತಿಯ ಕಣ್ಣಿನಿಂದಲ್ಲ, ಕೆಲಸದವಳ ಕಣ್ಣಿನಿಂದ. ಬಿಡಿ ಬಿಡಿ ಹಾಳೆಗಳನ್ನು ದಿನಾಂಕದ ಮೇಲೆ ಜೋಡಿಸಿ, ಒಂದೊಂದೇ ವಾಕ್ಯವನ್ನು ಬೆರಳಿಟ್ಟು ಓದಿದಳು. ನೂರ ನಲವತ್ತನೆಯ ಪುಟದಲ್ಲಿ ಬೆರಳು ನಿಂತಿತು. ‘ಮಧ್ಯಾಹ್ನ ಮೂರು ನಲವತ್ತು. ಹೆಂಡತಿ ರಜೆಯಲ್ಲಿದ್ದಾಳೆ. ಒಲೆಯ ಮೇಲೆ ಪಾತ್ರೆ ಇಟ್ಟು ಮಲಗಿಬಿಟ್ಟಿದ್ದಾಳೆ. ಮನೆ ತುಂಬ ಹೊಗೆ.’ ಕರಿಹಿಡಿದ ಪಾತ್ರೆಯ ಫೋಟೋ. ಆ ಪಾತ್ರೆ ಸುಟ್ಟಿದ್ದನ್ನು ಅವಳು ಕಂಡೇ ಇರಲಿಲ್ಲ. ಒಂದು ದಿನ ಅದು ಕಾಣೆಯಾದದ್ದು ಮಾತ್ರ ನೆನಪಿತ್ತು. ಆ ದಿನ ರಜೆ ಹಾಕಿದ್ದೂ ನಿಜ. ಆದರೆ ಮಧ್ಯಾಹ್ನ ಜೊತೆಯ ಬೆರಳಚ್ಚುಗಾರ್ತಿ ತಲೆಸುತ್ತಿ ಬಿದ್ದಳೆಂದು ಕಚೇರಿಯಿಂದ ಕರೆ ಬಂದಿತ್ತು, ಅವಳು ಓಡಿದ್ದಳು.

ದಾಖಲೆ ಕೊಠಡಿ ನೆಲಮಾಳಿಗೆಯಲ್ಲಿ. ಅಲ್ಲಿನ ಪಾಲಕ ಕಡತಗಳ ನಡುವೆ ಕೂತು ಕೂತು ತಾನೂ ಧೂಳಿನ ಬಣ್ಣಕ್ಕೆ ತಿರುಗಿದ್ದ ಮನುಷ್ಯ. “ಪೂರ್ಣವಿರಾಮನೋರು ಇಲ್ಲಿಗೆ ಇಳಿದು ಬರೋದು ಅಂದ್ರೆ ಭೂಕಂಪನೇ ಆಗಿರ್ಬೇಕು,” ಎಂದು ನಕ್ಕವನು ಅವಳ ಮುಖ ನೋಡಿ ಏಣಿ ತಂದ. ಪ್ರತಿ ಸಾಕ್ಷ್ಯದ ಹಾಳೆಯ ಕೆಳಗೂ ಟೈಪು ಮಾಡಿದವರ ಸಹಿ, ಶುರುವಾದ ಹೊತ್ತು, ಮುಗಿದ ಹೊತ್ತು ಇರುತ್ತದೆ. ಆ ದಿನದ ಹಾಳೆ ಸಿಕ್ಕಿತು: ಎರಡು ಗಂಟೆಯಿಂದ ಐದೂ ಇಪ್ಪತ್ತು, ಅವಳ ಸಹಿ. ಅಂಥವು ಇನ್ನೆರಡು ಸಿಕ್ಕವು. ಕ್ಯಾಲೆಂಡರಿನಲ್ಲಿ ಅವಳ ರಜೆ ನೋಡಿಕೊಂಡು ಅವನು ಬರೆದಿದ್ದ. ರಜೆ ರದ್ದಾದದ್ದು ಅವನಿಗೆ ಗೊತ್ತಿರಲಿಲ್ಲ.

ಆ ತಣ್ಣನೆಯ ಕೋಣೆಯಲ್ಲಿ ನಿಂತು ಅವಳು ಮನೆ ಬಿಟ್ಟ ಮೇಲೆ ಮೊದಲ ಸಲ ಅತ್ತಳು. ಗೆದ್ದೆನೆಂದಲ್ಲ, ಹುಚ್ಚಲ್ಲವೆಂದು.

ಎರಡೂ ಕಡೆಯವರು ವಕೀಲೆಯ ಕೋಣೆಯಲ್ಲಿ ಕೂತರು. ಗಂಡ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು, “ಹೇಗಿದ್ದೀಯ? ನಿದ್ದೆ ಬರ್ತಾ ಇದ್ಯಾ?” ಎಂದು ಕೇಳಿದ. ವಕೀಲೆ ಮೂರು ಹಾಳೆಗಳನ್ನು ಅವನ ಮುಂದೆ ಸರಿಸಿದಳು. ಅವನು ಒಂದೊಂದನ್ನೂ ನಿಧಾನವಾಗಿ ಓದಿದ. ಮುಖದ ಒಂದು ಗೆರೆಯೂ ಅಲುಗಲಿಲ್ಲ.

“ಮೂರು ಕಡೆ ನನ್ನದೇ ತಪ್ಪಿರಬಹುದು,” ಎಂದ. “ಮನುಷ್ಯನಿಗೆ ಮರೆವು ಸಹಜ.”

ಐದು ನಿಮಿಷದಲ್ಲಿ ಹೊಸ ರಾಜಿ ಬಂತು. ವಿಚ್ಛೇದನಕ್ಕೆ ಒಪ್ಪಿಗೆ. ಮಗಳು ತಾಯಿಯ ಜೊತೆಗೇ; ತಿಂಗಳಿಗೆ ಎರಡು ಭಾನುವಾರ ತಂದೆ ನೋಡುವುದು. ಕಟ್ಟನ್ನು ಹಿಂದಕ್ಕೆ ಪಡೆಯುವುದು. ಏಳನೆಯ ಕಲಮೊಂದನ್ನು ಅವನೇ ಬಾಯಿಬಿಟ್ಟು ಹೇಳಿ ಬರೆಸಿದ: ಈ ಸಂಸಾರದಲ್ಲಿ ನಡೆದದ್ದನ್ನು ಇಬ್ಬರೂ ಮೂರನೆಯವರಿಗೆ ಎಂದೂ ಹೇಳಕೂಡದು, ಹೇಳಿದರೆ ಮಗಳು ಯಾರ ಬಳಿ ಇರಬೇಕೆಂಬ ಪ್ರಶ್ನೆ ಮತ್ತೆ ತೆರೆಯತಕ್ಕದ್ದು.

“ನನಗೆ ವಿಚಾರಣೆ ಬೇಕು,” ಎಂದಳು ಅವಳು, ಪಕ್ಕದ ಕೋಣೆಯಲ್ಲಿ. “ಅವನು ಮಾಡಿದ್ದು ಅವನ ಬಾಯಿಂದ್ಲೇ ಕಾಗದದ ಮೇಲೆ ಬರ್ಬೇಕು.”

“ಮೂರು ವರ್ಷ ಹಿಡಿಯುತ್ತೆ. ಮೂರು ದಿನ ಸುಳ್ಳು ಅಂದ್ರೆ ಮಿಕ್ಕ ದಿನಗಳೂ ಸುಳ್ಳು ಅಂತ ಆಗೋಲ್ಲ. ಆಮೇಲೆ ನಿಮ್ಮ ಮಗೂನ ಕರೆಸ್ತಾರೆ.” ವಕೀಲೆ ಬೂಟಿನ ದಾರ ಬಿಗಿ ಮಾಡಿಕೊಂಡಳು. “ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ಇವತ್ತು ನಿಮ್ಮ ಕೋಲು ಗಟ್ಟಿಯಾಗಿದೆ. ನಾಳೆ ಗೊತ್ತಿಲ್ಲ.”

ಅವಳಿಗೆ ತಾನೇ ಟೈಪು ಮಾಡಿದ ಒಂದು ಹಾಳೆ ನೆನಪಾಯಿತು. ಒಂಬತ್ತು ವರ್ಷದ ಹುಡುಗಿ. ‘ನಿನಗೆ ಯಾರು ಇಷ್ಟ?’ ಎಂದು ಎರಡೂ ಕಡೆಯವರು ಸುತ್ತಿ ಬಳಸಿ ಕೇಳಿದ್ದರು. ಆ ಹಾಳೆಯಲ್ಲಿ ‘ಸಾಕ್ಷಿ ಉತ್ತರಿಸಲಿಲ್ಲ’ ಎಂದು ಹನ್ನೊಂದು ಸಲ ಇತ್ತು.

ಅವಳು ಸಹಿ ಹಾಕಿದಳು.

ಒಂದು ವರ್ಷ ನೆಮ್ಮದಿಯಾಗೇ ಕಳೆಯಿತು. ಇಟ್ಟ ವಸ್ತು ಇಟ್ಟಲ್ಲೇ ಇರುವ ಸುಖವನ್ನು ಅನುಭವಿಸದವರಿಗೆ ಹೇಳಿದರೆ ನಗುತ್ತಾರೆ. ಬೆಳಿಗ್ಗೆ ಎದ್ದು ಚಪ್ಪಲಿ ಬಿಟ್ಟಲ್ಲೇ ಕಂಡರೆ ಅವಳಿಗೆ ಹಬ್ಬ. ಭಾನುವಾರ ಮಗಳು ತಂದೆಯ ಮನೆಗೆ ಹೋಗಿ ಬಂದು ಒಂದೆರಡು ಗಂಟೆ ಮಾತಿಲ್ಲದೆ ಇರುತ್ತಿದ್ದಳು. ಇವಳು ಕೇಳಲಿಲ್ಲ. ಕೇಳುವುದೂ ಏಳನೆಯ ಕಲಮಿಗೆ ಬರುತ್ತದೋ ಏನೋ ಎಂಬ ಅಂಜಿಕೆ. ಅವನು ಮತ್ತೆ ಮದುವೆಯಾದನೆಂಬ ಸುದ್ದಿ ಅಕ್ಕನಿಂದ ತಿಳಿಯಿತು.

ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಕೋರ್ಟಿನ ಕ್ಯಾಂಟೀನಿನಲ್ಲಿ ಒಬ್ಬ ಹೆಂಗಸು ಎದುರಿಗೆ ಬಂದು ಕೂತಳು. ಮೂವತ್ತೈದರ ಆಸುಪಾಸು, ಉಗುರು ಮಟ್ಟವಾಗಿ ಕತ್ತರಿಸಿದ ಚೊಕ್ಕ ಕೈಗಳು.

“ನಾನು ಔಷಧದಂಗಡಿಲಿ ಕೆಲಸ ಮಾಡ್ತೀನಿ,” ಎಂದಳು. “ಅವರನ್ನ ಮದುವೆಯಾಗಿ ಏಳು ತಿಂಗಳಾಯ್ತು. ನಿಮ್ಮನ್ನ ಒಂದೇ ಒಂದು ಮಾತು ಕೇಳ್ಬೇಕಿತ್ತು. ನಿಮಗೆ ನಿಜವಾಗ್ಲೂ ಮರೆವಿನ ಕಾಯಿಲೆ ಇತ್ತಾ?”

ಬೆರಳಚ್ಚುಗಾರ್ತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಯಾಕಂದ್ರೆ ನನಗೂ ಶುರುವಾಗಿದೆ,” ಎಂದಳು ಔಷಧದವಳು. “ಹೋದ ತಿಂಗಳು ನನ್ನ ಚೀಲದಲ್ಲಿ ಅಂಗಡಿಯ ಎರಡು ಸೀಸೆ ಸಿಕ್ತು. ನಾನು ಹಾಕಿದ್ದೇ ನೆನಪಿಲ್ಲ. ಮಾಲೀಕರು ಕಳ್ಳತನ ಅನ್ಲಿಲ್ಲ, ಒಳ್ಳೆಯವರು. ಆದ್ರೆ ಔಷಧ ಅಳೆಯೋ ಕೆಲಸದಿಂದ ತೆಗೆದು ಲೇಬಲ್ ಅಂಟಿಸೋಕೆ ಹಾಕಿದ್ದಾರೆ. ಮನೇಲಿ ಇವರು ಹೇಳ್ತಾರೆ, ತಮ್ಮ ಹಣೆಬರಹವೇ ಇಷ್ಟು, ಮೊದಲನೆಯವಳಿಗೂ ಹೀಗೇ ಆಗಿತ್ತು ಅಂತ. ತುಂಬಾ ಚೆನ್ನಾಗಿ ನೋಡ್ಕೊಳ್ತಾರೆ.”

“ನನಗೆ ಏನೂ ಹೇಳೋಕೆ ಆಗಲ್ಲ,” ಎಂದಳು ಇವಳು. “ಸಹಿ ಹಾಕಿದ್ದೀನಿ.”

ಔಷಧದವಳು ತಲೆಯಾಡಿಸಿದಳು. ಎದ್ದಳು. “ತೊಂದರೆ ಕೊಟ್ಟೆ, ಕ್ಷಮಿಸಿ,” ಎಂದಳು. ಕುರ್ಚಿಯನ್ನು ಒಳಗೆ ತಳ್ಳಿ, ಮತ್ತೆ, “ಕ್ಷಮಿಸಿ” ಎಂದಳು. ಬಾಗಿಲ ಬಳಿ ಯಾರಿಗೋ ದಾರಿ ಬಿಡುತ್ತ ಮೂರನೆಯ ಸಲ. ಏನೂ ತಪ್ಪು ಮಾಡದೆ ಹೀಗೆ ಮೂರು ಸಲ ಕ್ಷಮೆ ಕೇಳುವ ಹೆಂಗಸಿನ ದನಿ ಬೆರಳಚ್ಚುಗಾರ್ತಿಗೆ ಬಹಳ ಪರಿಚಯದ್ದು.

“ಇಲ್ಲಿ ಬನ್ನಿ,” ಎಂದು ಕರೆದಳು. “ಕೂತ್ಕೊಳ್ಳಿ.”

ಎಲ್ಲವನ್ನೂ ಹೇಳಿದಳು. ಹಿಟ್ಟಿನ ಡಬ್ಬ, ಪುಟ್ಟ ಪುಸ್ತಕ, ಸುಟ್ಟ ಪಾತ್ರೆ, ಮೂರು ಹಾಳೆ. ಇಪ್ಪತ್ತು ನಿಮಿಷ ಹಿಡಿಯಿತು. ಔಷಧದವಳು ಕೈ ಕಟ್ಟಿಕೊಂಡು ಕೇಳಿದಳು. ಕೊನೆಯಲ್ಲಿ ಎದ್ದು ಹೊರಟುಹೋದಳು.

ಒಂಬತ್ತನೆಯ ದಿನ ನೋಟೀಸು ಬಂತು. ಏಳನೆಯ ಕಲಮು ಮುರಿದದ್ದಕ್ಕೆ ಮಗಳನ್ನು ತನಗೆ ಒಪ್ಪಿಸಬೇಕೆಂದು ಅವನ ಅರ್ಜಿ. ಜೊತೆಗೆ ಔಷಧದವಳ ಸಹಿಯಿದ್ದ ಹೇಳಿಕೆ. ಕ್ಯಾಂಟೀನಿನ ಮಾತುಗಳು ಅದರಲ್ಲಿ ಬಹುಮಟ್ಟಿಗೆ ಆಡಿದ ಹಾಗೇ ಇದ್ದವು.

“ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ,” ವಕೀಲೆ ಕೂಗಾಡಿದಳು. “ಮನೆಗೆ ಹೋಗಿ ಗಂಡನ ಎದುರಿಗೇ ಒದರಿದ್ದಾಳೆ ಅವಳು. ಅಥವಾ ಅವನೇ ಕಳಿಸಿದ್ನೋ, ಯಾರಿಗ್ಗೊತ್ತು! ಈಗ್ಲೂ ಒಂದು ದಾರಿ ಇದೆ. ನೀವು ಹೇಳಿದ್ದೆಲ್ಲ ಸುಳ್ಳು ಅಂತ ಬರೆದುಕೊಟ್ರೆ, ಮಗಳು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ರಾಜಿಗೆ ತಯಾರಿದ್ದಾರಂತೆ.”

“ಎರಡು ದಿನ ಕೊಡಿ,” ಎಂದಳು ಅವಳು.

ಮಗಳಿಗೀಗ ಹನ್ನೆರಡು ನಡೆಯುತ್ತಿತ್ತು. ಶನಿವಾರ ಮಧ್ಯಾಹ್ನ, ಕೆಳಗಡೆ ಸೈಕಲ್ಲಿನ ಚಕ್ರ ಬಡಿಯುವ ಸದ್ದು ಬರುತ್ತಿರಲು, ತಾಯಿ ಅವಳನ್ನು ಮುಂದೆ ಕೂರಿಸಿಕೊಂಡು ವಿಷಯ ತಿಳಿಸಿದಳು. ವಿಚಾರಣೆಯಾದರೆ ನ್ಯಾಯಾಧೀಶರು ನಿನ್ನನ್ನು ಒಳಕೋಣೆಗೆ ಕರೆದು ಮಾತಾಡಿಸಬಹುದು ಎಂದಳು.

“ಏನು ಹೇಳ್ಬೇಕು ನಾನು?”

“ಕಂಡದ್ದನ್ನ. ಕಾಣದ್ದನ್ನ ಕಂಡೆ ಅನ್ಬಾರ್ದು. ನನಗೋಸ್ಕರಾನೂ.”

ಹುಡುಗಿ ಮೇಜಿನ ಅಂಚನ್ನು ಕೆರೆದಳು. ಆಮೇಲೆ, “ಮಾಡಿದ್ದನ್ನ?” ಎಂದಳು.

“ಅಂದ್ರೆ?”

“ಅಪ್ಪ ಅದು ಅಮ್ಮನ ನೆನಪಿನ ಪರೀಕ್ಷೆ ಅಂತಿದ್ರು. ಡಾಕ್ಟ್ರು ಮಾಡೋಕೆ ಹೇಳಿದ್ದಾರೆ, ಅಮ್ಮನಿಗೆ ಹೇಳಿದ್ರೆ ಪರೀಕ್ಷೆ ಕೆಡುತ್ತೆ ಅಂತ. ನಾನೂ ಬಚ್ಚಿಟ್ಟಿದ್ದೀನಿ ಅಮ್ಮ. ಎರಡು ಸಲ. ನಿನ್ನ ಕೆಂಪು ಪೆನ್ನು, ಆಮೇಲೆ ಅಜ್ಜಿ ಕೊಟ್ಟಿದ್ದ ಓಲೆ. ಓಲೆ ಆಮೇಲೆ ಹುಡುಕಿದ್ರೆ ನಂಗೂ ಸಿಗ್ಲಿಲ್ಲ.”

ಆ ಓಲೆ ಕಳೆದ ದಿನ ತಾನು ನೆಲದ ಮೇಲೆ ಕೂತು ಅತ್ತದ್ದು, ಮಗಳು ಬಾಗಿಲಲ್ಲಿ ನಿಂತು ನೋಡಿದ್ದು ತಾಯಿಗೆ ನೆನಪಾಯಿತು. ತಾನು ಸಹಿ ಹಾಕಿ ಮುಚ್ಚಿದ್ದು ತನ್ನ ಬಾಯಿಯನ್ನಷ್ಟೇ ಅಲ್ಲ. ಈ ಮಗು ಎರಡು ವರ್ಷದಿಂದ ಇದನ್ನು ಒಬ್ಬಳೇ ಹೊತ್ತು, ತಿಂಗಳಿಗೆರಡು ಭಾನುವಾರ ಅದೇ ಮನೆಗೆ ಹೋಗಿ ಬರುತ್ತಿತ್ತು.

“ನೀನು ತಪ್ಪು ಮಾಡ್ಲಿಲ್ಲ,” ಎಂದಳು. “ಚಿಕ್ಕೋಳಿದ್ದೆ. ದೊಡ್ಡೋರು ಹೇಳಿದ್ದು ಮಾಡ್ದೆ. ನಿನಗೆ ಇಷ್ಟ ಇಲ್ದಿದ್ರೆ ಯಾರಿಗೂ ಹೇಳೋದು ಬೇಡ. ರಾಜಿ ಮಾಡ್ಕೊಳ್ತೀನಿ.”

“ರಾಜಿ ಮಾಡಿದ್ರೆ ನಾನು ಆರು ತಿಂಗಳು ಅಲ್ಲಿರ್ಬೇಕಾ?”

“ಹೂಂ.”

“ಅಲ್ಲಿ ಈಗ ಆಂಟಿಗೆ ಪರೀಕ್ಷೆ ನಡೀತಿದೆ,” ಎಂದಳು ಮಗಳು. “ಹೋದ ಭಾನುವಾರ ಅಪ್ಪ ನನಗೆ ಆಂಟಿ ಕನ್ನಡಕ ಕೊಟ್ಟು ಎಲ್ಲಾದ್ರೂ ಇಡು ಅಂದ್ರು. ನಾನು ಇಡ್ಲಿಲ್ಲ. ಅವತ್ತು ಅಪ್ಪ ನನ್ನ ಮೇಲೂ ಏನೋ ಬರ್ಕೊಂಡ್ರು.”

ಸೋಮವಾರ ಬೆಳಿಗ್ಗೆ ಅವಳು ವಕೀಲೆಯ ಕೋಣೆಗೆ ಹೋಗಿ ಕೂರದೆ ನಿಂತೇ ಹೇಳಿದಳು: “ರಾಜಿ ಬೇಡ. ವಿಚಾರಣೆ ಆಗ್ಲಿ.”

ಹತ್ತೊಂಬತ್ತು ತಿಂಗಳು ನಡೆಯಿತು. ಹಿಂದಕ್ಕೆ ಪಡೆದಿದ್ದ ಕಟ್ಟನ್ನು ಅವನು ಮತ್ತೆ ತಂದ, ಇನ್ನೂರ ಹನ್ನೆರಡು ಪುಟವನ್ನೂ ತೆರೆದ ಕೋರ್ಟಿನಲ್ಲಿ ಓದಿಸಿದರು. ಅವಳನ್ನು ಬೆರಳಚ್ಚಿನ ಮೇಜಿನಿಂದ ಎಬ್ಬಿಸಿ ಟಪಾಲು ವಿಭಾಗಕ್ಕೆ ಹಾಕಿದರು, ತಾತ್ಕಾಲಿಕವಾಗಿ ಎಂದು. ಪೂರ್ಣವಿರಾಮ ಎನ್ನುತ್ತಿದ್ದವರು ಹೆಸರು ಕರೆಯುವುದನ್ನೇ ನಿಲ್ಲಿಸಿದರು. ಪಾಟೀಸವಾಲಿನಲ್ಲಿ ಅವನ ವಕೀಲ ಅವಳನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಹಿಂದಿನ ಗೋಡೆಯ ಗಡಿಯಾರ ಯಾವ ಬಣ್ಣದ್ದು ಎಂದು ಕೇಳಿದ. ಅವಳು ಬಣ್ಣ ಹೇಳಿದಳು, ನಿಮಿಷದ ಮುಳ್ಳು ಸೊಟ್ಟಗಿರುವುದನ್ನೂ ಹೇಳಿದಳು. ಅಕ್ಕ ಸಾಕ್ಷಿಕಟ್ಟೆಗೆ ಬಂದು, ಯಾರೂ ಕೇಳದಿದ್ದರೂ, “ಅವತ್ತು ಅವಳಿಗೆ ಜ್ವರ ಇತ್ತು” ಎಂದು ಸೇರಿಸಿದಳು. ಔಷಧದವಳು ಮಾತ್ರ ಕೊನೆಯವರೆಗೂ ಗಂಡನ ಪರವಾಗಿ ಹೇಳಿದಳು. ಪ್ರತಿ ಉತ್ತರಕ್ಕೂ ಮೊದಲು ಅವನ ಮುಖ ನೋಡುತ್ತಿದ್ದಳು.

ಮಗಳು ಒಳಕೋಣೆಯಲ್ಲಿ ಒಂದು ಗಂಟೆ ಹತ್ತು ನಿಮಿಷ ಇದ್ದಳು. ತಾಯಿ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಎದುರು ಬೆಂಚಿನಲ್ಲಿ ಅವನು, ಮಂಡಿಯ ಮೇಲೆ ಪುಟ್ಟ ಪುಸ್ತಕ. ಬಾಗಿಲು ತೆರೆದಾಗ ಹುಡುಗಿಯ ಮುಖ ಬಿಳುಚಿಕೊಂಡಿತ್ತು, ಆದರೆ ಹೆಜ್ಜೆ ನೆಟ್ಟಗಿತ್ತು. “ಎಲ್ಲದಕ್ಕೂ ಉತ್ತರ ಹೇಳ್ದೆ,” ಎಂದಳು.

ತೀರ್ಪು ಬಂತು. ಮಗಳು ತಾಯಿಯ ಬಳಿಯೇ ಉಳಿಯತಕ್ಕದ್ದು. ಭಾನುವಾರದ ಭೇಟಿ ರದ್ದು. ಏಳನೆಯ ಕಲಮು ಅನೂರ್ಜಿತ. ‘ಮರೆವು ಕಾಯಿಲೆಯಾಗಿರಲಿಲ್ಲ, ಕೈಯಾರೆ ಮಾಡಿದ್ದಾಗಿತ್ತು’ ಎಂದು ನ್ಯಾಯಾಧೀಶರು ಬರೆದರು. ಗಂಡ ಕೊನೆಯ ಪುಟದವರೆಗೂ ಕೇಳಿ, ಎದ್ದು, ಔಷಧದವಳ ಮೊಣಕೈ ಹಿಡಿದು ಮೃದುವಾಗಿ ಬಾಗಿಲ ಕಡೆ ನಡೆಸಿಕೊಂಡು ಹೋದ. ಇವಳ ಪಕ್ಕ ಹಾಯುವಾಗ, “ಆರೋಗ್ಯ ನೋಡ್ಕೋ,” ಎಂದ. ಮೇಲ್ಮನವಿ ಹಾಕಿದ್ದಾನೆ, ಅದಿನ್ನೂ ಬಾಕಿಯಿದೆ.

ಅವಳು ಮತ್ತೆ ತನ್ನ ಮೇಜಿಗೆ ಬಂದಳು. ಮೂರು ತಿಂಗಳಾದ ಮೇಲೆ ನಕಲು ವಿಭಾಗದ ಗುಮಾಸ್ತೆ ಅವಳನ್ನು ಕರೆದು ದನಿ ತಗ್ಗಿಸಿ ಒಂದು ವಿಷಯ ಹೇಳಿದಳು. ಆ ತೀರ್ಪಿನ ಪ್ರತಿ ಬೇಕೆಂದು ಒಬ್ಬರು ಅರ್ಜಿ ಹಾಕಿದ್ದಾರೆ. ಹೆಂಗಸು. ಔಷಧದಂಗಡಿಯ ಲೇಬಲಿನ ಹಿಂಬದಿಯಲ್ಲಿ ಪ್ರಕರಣದ ಸಂಖ್ಯೆ ಬರೆದುಕೊಂಡು ಬಂದಿದ್ದರು. ಮನೆಗೆ ಕಳಿಸೋದು ಬೇಡ, ನಾನೇ ಬರ್ತೀನಿ ಅಂದರು.

ಆ ಪ್ರತಿ ಅದೇ ವಾರ ತಯಾರಾಯಿತು. ಈಗ ಅದು ಮುದ್ರೆ ಹಾಕಿಸಿಕೊಂಡು ನಕಲು ವಿಭಾಗದ ಕಪಾಟಿನ ಎರಡನೆಯ ಸಾಲಿನಲ್ಲಿದೆ. ಬೆರಳಚ್ಚುಗಾರ್ತಿ ದಿನಾ ಬೆಳಿಗ್ಗೆ ಆ ದಾರಿಯಾಗಿ ಹೋಗಿ ನೋಡುತ್ತಾಳೆ. ತೆಗೆದುಕೊಂಡು ಹೋಗಲು ಇನ್ನೂ ಯಾರೂ ಬಂದಿಲ್ಲ.